ಅಮ್ಮಂಗೆ ನೀರು ಕೂಡ ನುಂಗೋಕಾಗ್ತಿರ್ಲಿಲ್ಲ: ಎಂಡೋಸ್ಕೋಪಿ ಮತ್ತೆ ನುಂಗುವಿಕೆ ಕ್ಲಿನಿಕ್ ಬಗ್ಗೆ ನಮ್ಮ ಅನುಭವ (5ಕ್ಕೆ 4 ಸ್ಟಾರ್)

ಸ್ವಲ್ಪ ಉದ್ದ ಇದೆ, ಆದ್ರೆ ಮನೇಲಿ ಯಾರಿಗಾದ್ರೂ ನುಂಗೋಕೆ ಕಷ್ಟ ಆಗ್ತಿದ್ರೆ, ಅದ್ರಲ್ಲೂ ಅವ್ರು ಸ್ಟೀರಾಯ್ಡ್ ಅಥವಾ ಇಮ್ಯುನಿಟಿ ಕಮ್ಮಿ ಮಾಡೋ ಮಾತ್ರೆ ತಗೋತಿದ್ರೆ, ದಯವಿಟ್ಟು ಪೂರ್ತಿ ಓದಿ.

ಅಮ್ಮಂಗೆ ರುಮಟಾಯ್ಡ್ ಆರ್ಥ್ರೈಟಿಸ್, ವರ್ಷಗಳಿಂದ ಮೆಥೊಟ್ರೆಕ್ಸೇಟ್ (ಇಮ್ಯುನಿಟಿ ಕಮ್ಮಿ ಮಾಡೋ ಮಾತ್ರೆ) ಜೊತೆ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್) ನಡೀತಿದೆ. ಒಂದಿನ ಜ್ವರ ಬಂತು, ಮಾರನೇ ದಿನದಿಂದ ಏನು ನುಂಗಿದ್ರೂ ನೋವು. ಗಂಟಲಲ್ಲಲ್ಲ, ಎದೆ ಮಧ್ಯದಲ್ಲಿ. ಒಂದು ಗುಟುಕು ನೀರು ಬಾಯಿಗೆ ಹಾಕ್ಕೊಂಡು ಕಣ್ಮುಚ್ಚೋರು, ಎರಡೂ ಭುಜ ಮೇಲೆತ್ತೋರು, ಅಂಗೈಯಿಂದ ಎದೆ ಮೂಳೆ ಒತ್ತಿ ಹಿಡ್ಕೊಂಡು ಆಮೇಲೆ ನುಂಗೋರು, ಆ ನೀರು ಎಲ್ಲಿಗೆ ಇಳೀತು ಅಂತ ಅವ್ರ ಮುಖ ನೋಡಿದ್ರೇ ಗೊತ್ತಾಗೋದು. ಹತ್ರದ ಒಂದು ಕ್ಲಿನಿಕ್ಕಲ್ಲಿ (ಹೆಸ್ರು ಬೇಡ) ಆಸಿಡಿಟಿ ಅಂದ್ರು, ಗ್ಯಾಸ್ ಮಾತ್ರೆ ಬರ್ಕೊಟ್ರು, ಎಂಟು ದಿನ ಹಾಗೇ ಹೋಯ್ತು. ಅಷ್ಟರಲ್ಲಿ ನಾನೇ ಬುದ್ಧಿ ಓಡ್ಸಿ ನೀರನ್ನ ಗಟ್ಟಿ ಮಾಡೋ ಥಿಕ್ನರ್ ಪೌಡರ್ ತಂದಿದ್ದೆ, ಅದ್ರಿಂದ ನೋವು ಇನ್ನೂ ಜಾಸ್ತಿ ಆಯ್ತು. ಅದು ಕೆಟ್ಟ ಪ್ರಾಡಕ್ಟ್ ಅಲ್ಲ, ಗಂಟಲ ಮಟ್ಟದಲ್ಲೇ ನೀರು ಶ್ವಾಸನಾಳಕ್ಕೆ ಹೋಗೋವ್ರಿಗೆ, ಉದಾಹರಣೆಗೆ ಸ್ಟ್ರೋಕ್ ಆದವ್ರಿಗೆ, ಟೆಸ್ಟ್ ಮಾಡಿ ಎಷ್ಟು ಗಟ್ಟಿ ಬೇಕು ಅಂತ ಹೇಳಿ ಕೊಡೋ ವಸ್ತು. ಅನ್ನನಾಳದ ಒಳಗೇ ಹುಣ್ಣಾಗಿದ್ರೆ ಅದ್ರಿಂದ ಏನೂ ಪ್ರಯೋಜನ ಇಲ್ಲ.

ಆಮೇಲೆ ಈ ಸೆಂಟರ್‌ಗೆ ಹೋದ್ವಿ. ನನಗೆ ಇಲ್ಲಿ ತುಂಬಾ ಹಿಡಿಸಿದ್ದು ಮೊದಲ ಐದು ನಿಮಿಷ. ಡಾಕ್ಟ್ರು ಫೈಲ್ ತೆಗೆಯೋಕೆ ಮುಂಚೆ ಅಮ್ಮನ್ನೇ ಕೇಳಿದ್ರು, "ನುಂಗ್ವಾಗ ನೋಯುತ್ತಾ, ಇಲ್ಲಾ ಸಿಕ್ಕಾಕ್ಕೊಳ್ಳುತ್ತಾ?" ಇದನ್ನ ನಮಗೆ ಅಲ್ಲಿವರೆಗೆ ಯಾರೂ ಕೇಳಿರ್ಲಿಲ್ಲ, ನಮಗೂ ಎರಡೂ ಬೇರೆ ಬೇರೆ ಅಂತ ಹೊಳೆದಿರ್ಲಿಲ್ಲ. ಇದ್ದಕ್ಕಿದ್ದಂತೆ ಶುರುವಾದ ನೋವು ಅಂದ್ರೆ ಒಳಗಡೆ ಚರ್ಮ ಕಿತ್ತಿದೆ, ಹುಣ್ಣಿದೆ ಅನ್ನೋ ಅನುಮಾನ ಬರುತ್ತಂತೆ, ಅದು ಇನ್ಫೆಕ್ಷನ್ ಇರ್ಬಹುದು ಅಥವಾ ಕೆಲವು ಮಾತ್ರೆ ಅಲ್ಲೇ ಅಂಟ್ಕೊಂಡು ಸುಟ್ಟಿರ್ಬಹುದು. ನೋವಿಲ್ಲದೆ ಸಿಕ್ಕಾಕ್ಕೊಳ್ಳೋದು ಅಂದ್ರೆ ದಾರಿ ಕಿರಿದಾಗಿದೆ ಅಥವಾ ಸ್ನಾಯು ಸರಿಯಾಗಿ ತಳ್ತಿಲ್ಲ. ಗಟ್ಟಿ ಪದಾರ್ಥ ಮಾತ್ರ ಸಿಕ್ಕಾಕ್ಕೊಂಡ್ರೆ ಕಿರಿದಾಗಿರೋ ಕಡೆ ಮೊದಲು ಯೋಚ್ನೆ ಮಾಡ್ತಾರೆ, ಮೊದಲ ದಿನದಿಂದ್ಲೇ ಗಟ್ಟಿ, ನೀರು ಎರಡೂ ಸಿಕ್ಕಾಕ್ಕೊಂಡ್ರೆ ಸ್ನಾಯುವಿನ ಕಡೆ. ಇಷ್ಟು ಕೇಳಿ, ಅಮ್ಮ ತಗೊಳ್ಳೋ ಮಾತ್ರೆ ಹೆಸ್ರು ನೋಡಿ, ಮಾರನೇ ದಿನಾನೇ ಎಂಡೋಸ್ಕೋಪಿಗೆ, ಅಂದ್ರೆ ಬಾಯಿಂದ ಕ್ಯಾಮರಾ ಇಳ್ಸಿ ಅನ್ನನಾಳ ನೋಡೋ ಟೆಸ್ಟ್‌ಗೆ ಹಾಕಿದ್ರು.

ಎಂಡೋಸ್ಕೋಪಿ ನಾನು ಅಂದ್ಕೊಂಡಷ್ಟು ಭಯಂಕರ ಏನಿಲ್ಲ. ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆ, ಗಂಟಲಿಗೆ ಮರಗಟ್ಟೋ ಸ್ಪ್ರೇ, ನಿದ್ದೆ ಬರೋ ಇಂಜೆಕ್ಷನ್, ಹದಿನೈದೇ ನಿಮಿಷ. ಆಮೇಲೆ ಗಂಟಲು ಪೂರ್ತಿ ಎಚ್ಚರ ಆಗೋವರೆಗೂ ನರ್ಸ್ ಒಂದು ಹನಿ ನೀರೂ ಕೊಡೋಕೆ ಬಿಡ್ಲಿಲ್ಲ. ಅಮ್ಮ ಕೇಳ್ತಾನೇ ಇದ್ರು, ಆಕೆ ಪ್ರತೀ ಸಲ ಬಂದು ಕೈ ಹಿಡ್ಕೊಂಡು ಇನ್ನೊಂಚೂರು ತಡೀರಿ ಅಂತಿದ್ರು.

ಒಳಗಡೆ ಕೆಳಭಾಗದಲ್ಲಿ ಚಿಕ್ಕ ಚಿಕ್ಕ ಹುಣ್ಣು, ಜ್ವಾಲಾಮುಖಿ ಬಾಯಿ ಥರ ಅಂಚು ಉಬ್ಬಿ ಮಧ್ಯ ಕುಳಿ ಬಿದ್ದಿರೋವು. ಬಿಳಿ ಪದರ ಇರ್ಲಿಲ್ಲ, ಇದ್ದಿದ್ರೆ ಕ್ಯಾಂಡಿಡಾ, ಅಂದ್ರೆ ಫಂಗಸ್ ಅನ್ನೋ ಅನುಮಾನ ಬರ್ತಿತ್ತಂತೆ, ಇಮ್ಯುನಿಟಿ ಕಮ್ಮಿ ಇರೋವ್ರಲ್ಲಿ ಅದೇ ಜಾಸ್ತಿ ಕಾಣೋದು. ಡಾಕ್ಟ್ರು ಪ್ರಿಸ್ಕ್ರಿಪ್ಷನ್ ಹಾಳೆ ಹಿಂದೆ ಒಂದು ಬಟ್ಟಲು ಬರೆದು ತೋರಿಸಿದ್ರು, ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ಹುಣ್ಣಿನ ಅಂಚಿನ ಜೀವಕೋಶದಲ್ಲಿ ಸಿಗುತ್ತೆ, ಸೈಟೋಮೆಗಾಲೋವೈರಸ್ ಹುಣ್ಣಿನ ತಳದಲ್ಲಿ ಸಿಗುತ್ತೆ, ಅದಕ್ಕೆ ಎರಡೂ ಕಡೆಯಿಂದ ಚೂರು ಚೂರು ತೆಗ್ದಿದ್ದೀನಿ ಅಂತ ಪೆನ್ನಲ್ಲಿ ಅಂಚಿಗೆ ನಾಲ್ಕು ಚುಕ್ಕಿ, ತಳಕ್ಕೆ ನಾಲ್ಕು ಚುಕ್ಕಿ ಇಟ್ರು. ಆ ಹಾಳೆ ಇವತ್ತಿಗೂ ನಮ್ಮ ಫೈಲಲ್ಲಿದೆ. ಒಂದೇ ಕಡೆ ಚುಚ್ಚಿ ಬಂದಿದ್ರೆ ರಿಪೋರ್ಟ್ ನಾರ್ಮಲ್ ಬಂದು ಮತ್ತೆ ಗ್ಯಾಸ್ ಮಾತ್ರೆಗೇ ವಾಪಸ್ ಆಗ್ತಿದ್ವೇನೋ ಅಂತ ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ. ಯಾಕಂದ್ರೆ ಎರಡು ವೈರಸ್‌ಗೂ ಔಷಧಿ ಬೇರೆ, ಹರ್ಪಿಸ್‌ಗೆ ಅಸೈಕ್ಲೋವಿರ್, ಸೈಟೋಮೆಗಾಲೋಗೆ ಗ್ಯಾನ್ಸಿಕ್ಲೋವಿರ್, ಈ ಎರಡನೇದು ಬಿಳಿ ರಕ್ತಕಣ ಇಳಿಸೋ ಔಷಧಿ ಆದ್ದರಿಂದ ಸುಮ್ನೆ ಊಹೆ ಮೇಲೆ ಕೊಡೋದಲ್ಲ.

ಬಯಾಪ್ಸಿ, ಅಂದ್ರೆ ಆ ತೆಗೆದ ಚೂರುಗಳ ಟೆಸ್ಟ್, ಹರ್ಪಿಸ್ ಅಂತ ಬಂತು. ಆ ಹೆಸ್ರು ಕೇಳಿ ಅಮ್ಮ ತಲೆ ತಗ್ಗಿಸಿ ಕೂತ್ಬಿಟ್ರು, ಏನೋ ತಪ್ಪು ಮಾಡಿದವ್ರ ಥರ. ಆಗ ಡಾಕ್ಟ್ರು ಕುರ್ಚಿ ಹತ್ರ ಎಳ್ಕೊಂಡು ಹೇಳಿದ್ರು, ಅಮ್ಮಾ ಇದು ತುಟಿ ಅಂಚಲ್ಲಿ ಜ್ವರದ ಗುಳ್ಳೆ ಬರುತ್ತಲ್ಲ ಅದೇ ವೈರಸ್, ಪ್ರಪಂಚದಲ್ಲಿ 50 ವರ್ಷದೊಳಗಿನ ಜನರಲ್ಲೇ ಮೂರರಲ್ಲಿ ಎರಡು ಭಾಗದಷ್ಟು ಜನಕ್ಕೆ ಇದೆ, ಎಷ್ಟೋ ಜನಕ್ಕೆ ಚಿಕ್ಕಂದಿನಲ್ಲೇ ಬಂದು ನರದೊಳಗೆ ಸುಮ್ನೆ ಮಲಗಿರುತ್ತೆ, ಮೈಯಲ್ಲಿ ಶಕ್ತಿ ಕುಗ್ಗಿದಾಗ ಏಳುತ್ತೆ ಅಷ್ಟೇ ಅಂತ. ಅಮ್ಮ ತಲೆ ಎತ್ತಿದ್ರು. ಈ ಒಂದು ಮಾತಿಗೆ ಬೇಕಾದ್ರೆ ನಾನು ಇನ್ನೊಂದು ಸ್ಟಾರ್ ಕೊಡ್ತಿದ್ದೆ.

ಮಾತ್ರೆ ನುಂಗೋ ಸ್ಥಿತಿ ಇರ್ಲಿಲ್ಲವಾದ್ರಿಂದ ಅಡ್ಮಿಟ್ ಮಾಡ್ಕೊಂಡು 8 ಗಂಟೆಗೊಂದು ಸಲ ಡ್ರಿಪ್ಪಲ್ಲಿ ಔಷಧಿ ಕೊಟ್ರು, ಒಂದು ಗಂಟೆ ನಿಧಾನಕ್ಕೆ ಹರೀಬೇಕು, ಜೊತೆಗೆ ಸಲೈನ್, ಇಲ್ದಿದ್ರೆ ಕಿಡ್ನಿಗೆ ಪೆಟ್ಟು ಅಂತ ನರ್ಸ್‌ಗಳು ಮೂತ್ರದ ಲೆಕ್ಕ ಬರ್ಕೊಳ್ಳೋರು. ಆರ್ಥ್ರೈಟಿಸ್ ಡಾಕ್ಟ್ರಿಗೆ ಇವರೇ ಫೋನ್ ಮಾಡಿ ಮೆಥೊಟ್ರೆಕ್ಸೇಟ್ ಸ್ವಲ್ಪ ದಿನ ನಿಲ್ಸಿದ್ರು, ಸ್ಟೀರಾಯ್ಡ್ ಮಾತ್ರ ದಿಢೀರ್ ನಿಲ್ಲಿಸ್ಬಾರ್ದು ಅಂತ ಎರಡು ಸಲ ಒತ್ತಿ ಹೇಳಿದ್ರು. ಐದನೇ ದಿನ ನೀರು ಕುಡಿಯೋಕೆ ಭುಜ ಎತ್ತೋದು ನಿಂತಿತ್ತು. ಆಮೇಲೆ ಮನೇಲಿ ಅದೇ ಅಸೈಕ್ಲೋವಿರ್ 400 ಎಂಜಿ, ದಿನಕ್ಕೆ 5 ಸಲ, ಆಸ್ಪತ್ರೆ ದಿನ ಸೇರಿ ಒಟ್ಟು 21 ದಿನ. ಪ್ರತೀ ಮಾತ್ರೆಗೂ ಪೂರ್ತಿ ಲೋಟ ನೀರು, ಕೂತ್ಕೊಂಡೇ ತಗೋಬೇಕು, ತಕ್ಷಣ ಮಲಗೋ ಹಾಗಿಲ್ಲ.

ಈಗ ಒಂದು ಸ್ಟಾರ್ ಯಾಕೆ ಕಿತ್ಕೊಂಡೆ ಅಂತ. ಹುಣ್ಣು ವಾಸಿ ಆದ್ಮೇಲೂ ಅಮ್ಮಂಗೆ ಏನೋ ನಿಂತ ಹಾಗೆ ಅನ್ನಿಸ್ತಿತ್ತು, ಇನ್ನೊಂದು ಸಲ ಕ್ಯಾಮರಾ ಹಾಕಿ ದಾರಿ ಕಿರಿದಾಗಿಲ್ಲ ಅಂತ ಖಾತ್ರಿ ಮಾಡ್ಕೊಂಡು ಮ್ಯಾನೋಮೆಟ್ರಿಗೆ, ಅಂದ್ರೆ ನುಂಗ್ವಾಗ ಅನ್ನನಾಳದ ಸ್ನಾಯು ಎಷ್ಟು ಒತ್ತುತ್ತೆ ಅಂತ ಅಳೆಯೋ ಟೆಸ್ಟ್‌ಗೆ, ಡೇಟ್ ಕೊಟ್ರು. ಅವತ್ತು ಖಾಲಿ ಹೊಟ್ಟೇಲಿ ಕರ್ಕೊಂಡು ಹೋದ್ರೆ, ಬಿಪಿಗೆ ಅಮ್ಲೋಡಿಪಿನ್ ತಗೋತಾರಾ, ಅದು ಅನ್ನನಾಳದ ಸ್ನಾಯು ಸಡಿಲ ಮಾಡುತ್ತೆ, ಡಾಕ್ಟ್ರನ್ನ ಕೇಳಿ ಮೊದಲೇ ನಿಲ್ಲಿಸ್ಬೇಕಿತ್ತು ಅಂತ ವಾಪಸ್ ಕಳ್ಸಿದ್ರು. ಫೋನ್ ಮಾಡಿ ಡೇಟ್ ಕೊಟ್ಟವ್ರು ಹೇಳಿರ್ಲಿಲ್ಲ. ವಯಸ್ಸಾದವ್ರನ್ನ, ಗಂಟು ನೋವಿರೋವ್ರನ್ನ ಹೀಗೆ ಎರಡೆರಡು ಸಲ ಓಡಾಡ್ಸೋದು ನನಗೆ ನಿಜವಾಗ್ಲೂ ಬೇಜಾರಾಯ್ತು, ಹೇಳಿಯೂ ಬಂದೆ.

ಟೆಸ್ಟ್ ಮಾಡಿದ ರೀತಿ ಮಾತ್ರ ಅಚ್ಚುಕಟ್ಟು. ಮೂಗಿಗೆ ಜೆಲ್ ಹಚ್ಚಿ ಒಂದು ತೆಳ್ಳಗಿನ ಟ್ಯೂಬ್ ಹೊಟ್ಟೆವರೆಗೆ ಇಳ್ಸ್ತಾರೆ, ಅದ್ರಲ್ಲಿ ಒಂದೊಂದು ಸೆಂಟಿಮೀಟರ್‌ಗೆ ಒಂದರಂತೆ 36 ಸೆನ್ಸರ್ ಇರುತ್ತೆ. ಇದಕ್ಕೆ ನಿದ್ದೆ ಇಂಜೆಕ್ಷನ್ ಇಲ್ಲ, ಎಚ್ಚರವಾಗಿದ್ದೇ ನುಂಗ್ಬೇಕು, ಟ್ಯೂಬ್ ಇಳಿಯೋ ಒಂದು ನಿಮಿಷ ಕಣ್ಣಲ್ಲಿ ನೀರು ಬರುತ್ತೆ, ಅದನ್ನ ಮುಚ್ಚಿಡಲ್ಲ. ಆಮೇಲೆ ಸಿರಿಂಜಲ್ಲಿ 5 ಎಂಎಲ್ ನೀರು ಬಾಯಿಗೆ, ಒಂದೇ ಸಲ ನುಂಗ್ಬೇಕು, ಮುಂದಿನ ಗುಟುಕಿನವರೆಗೆ ಎಂಜಲೂ ನುಂಗ್ಬಾರ್ದು, ಹೀಗೆ ಮಲಗಿ ಹತ್ತು ಸಲ, ಕೂತು ಐದು ಸಲ. ಸ್ಕ್ರೀನಲ್ಲಿ ನುಂಗಿದ್ದು ಬಣ್ಣದ ಪಟ್ಟಿ ಥರ ಓರೆಯಾಗಿ ಕೆಳಗೆ ಇಳಿಯುತ್ತೆ, ಅಮ್ಮಂದು ಹತ್ತರಲ್ಲಿ ಎಂಟು ಸಲ ಅರ್ಧದಾರೀಲಿ ಮಂಕಾಗ್ತಿತ್ತು. ಆದ್ರೆ ಅನ್ನನಾಳದ ಕೆಳಗಿನ ಬಾಗಿಲು ಪ್ರತೀ ಸಲ ತೆರೀತಿತ್ತು, ಹಾಗಾಗಿ ಅಕಲೇಸಿಯಾ (ಆ ಬಾಗಿಲಿನ ಸ್ನಾಯು ಸಡಿಲ ಆಗದಿರೋ ಕಾಯಿಲೆ) ಅಲ್ಲ. ಅದಾಗಿದ್ರೆ ಬಲೂನ್ ಹಾಕಿ ಹಿಗ್ಗಿಸೋದು, ಇಲ್ಲಾ ಆ ಸ್ನಾಯು ಕತ್ತರಿಸೋ ಆಪರೇಷನ್ ಮಾತು ಬರ್ತಿತ್ತು. ನಮಗೆ ಸದ್ಯಕ್ಕೆ ತುತ್ತು ಚಿಕ್ಕದು, ಚೆನ್ನಾಗಿ ಅಗಿಯೋದು, ಮಧ್ಯೆ ಮಧ್ಯೆ ನೀರು, ನೆಟ್ಟಗೆ ಕೂರೋದು, ಇಷ್ಟೇ.

ರಿಪೋರ್ಟ್ ನಾಲ್ಕು ದಿನಕ್ಕೆ ಬಂತು, ಬರೀ ಸಂಕ್ಷಿಪ್ತ ಪದ, ನಮ್ಮಂಥವ್ರಿಗೆ ಒಂದು ಸಾಲೂ ಅರ್ಥ ಆಗಲ್ಲ, ಕೂತು ವಿವರಿಸಿ ಅಂತ ಕೇಳಿದ್ರೆ ಖಂಡಿತ ವಿವರಿಸ್ತಾರೆ. ಹೋಗೋವ್ರು ತಗೋತಿರೋ ಎಲ್ಲಾ ಮಾತ್ರೆ ಪಟ್ಟಿ ಬರ್ಕೊಂಡು ಹೋಗಿ, ಟೆಸ್ಟ್ ಡೇಟ್ ಕೊಡುವಾಗ್ಲೇ ಯಾವ್ದು ನಿಲ್ಲಿಸ್ಬೇಕು ಅಂತ ನೀವೇ ಬಾಯಿಬಿಟ್ಟು ಕೇಳಿ. ಮ್ಯಾನೋಮೆಟ್ರಿ ರೂಮ್ ಎಂಡೋಸ್ಕೋಪಿ ಪಕ್ಕದಲ್ಲಿಲ್ಲ, ಹಿಂದಿನ ಬ್ಲಾಕಲ್ಲಿದೆ, ನಡೆಯೋಕಾಗದವ್ರಿದ್ರೆ ವೀಲ್‌ಚೇರ್ ಗೇಟಲ್ಲೇ ತಗೊಳ್ಳಿ.