ಮಕ್ಕಳನ್ನು ಕ್ರಿಕೆಟ್ ಅಕಾಡೆಮಿಗೆ ಸೇರಿಸುವವರೇ, ಮೊದಲು ಬಟ್ಟೆಯ ಲೆಕ್ಕ ಕೇಳಿ

ನಾನು ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಐವತ್ತು ರೂಪಾಯಿಯ ಪಿಗ್ಮಿ ಕಂತಿಗೂ ಚೀಟಿ ಹರಿಯದೆ ಹಣ ಮುಟ್ಟುವುದಿಲ್ಲ. ಅಂಥವಳು ಹತ್ತು ತಿಂಗಳಲ್ಲಿ 60,400 ರೂಪಾಯಿಯನ್ನು ಒಂದು ತುಂಡು ಕಾಗದವೂ ಇಲ್ಲದೆ ತರಬೇತುದಾರರೊಬ್ಬರ ಮೊಬೈಲ್ ಸಂಖ್ಯೆಗೆ ಕಳುಹಿಸಿದೆ. ರಸೀದಿ ಸಿಕ್ಕಿದ 46,000 ಬೇರೆ. ಒಟ್ಟು 1,06,400. ಕಚೇರಿಯಲ್ಲಿ ಇದನ್ನು ಹೇಳಿದಾಗ ನಮ್ಮ ಕಾರ್ಯದರ್ಶಿಗಳು ಮೊದಲು ನಂಬಲಿಲ್ಲ, ಆಮೇಲೆ ಬಹಳ ಹೊತ್ತು ನಕ್ಕರು. ನಗಲಿ. ನೀವು ಮಾತ್ರ ನನ್ನ ಹಾಗೆ ಮಾಡಬೇಡಿ.

ಮಗನಿಗೆ ಆಗ ಹನ್ನೊಂದು ತುಂಬಿತ್ತು. ಏಪ್ರಿಲ್ ರಜೆಯಲ್ಲಿ ಮನೆಯಲ್ಲಿ ಮೊಬೈಲ್ ಹಿಡಿದು ಕೂರುತ್ತಾನೆಂದು ಬೆಂಗಳೂರಿನ ನಮ್ಮ ಬಡಾವಣೆಗೆ ಹತ್ತಿರದ ಅಕಾಡೆಮಿಯೊಂದರ ಬೇಸಿಗೆ ಶಿಬಿರಕ್ಕೆ ಸೇರಿಸಿದೆ. ತಿಂಗಳಿಗೆ 3,500 ರೂಪಾಯಿ. ಬೆಳಿಗ್ಗೆ ಆರಕ್ಕೆ ಎಬ್ಬಿಸದೆ ಏಳುತ್ತಿದ್ದ, ಹಸಿದು ಬಂದು ನಾಲ್ಕು ದೋಸೆ ತಿನ್ನುತ್ತಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಶಿಬಿರದ ಕೊನೆಯ ದಿನ ಮುಖ್ಯ ತರಬೇತುದಾರರು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಎಲ್ಲರಿಗೂ ಈ ಮಾತು ಹೇಳುವುದಿಲ್ಲ. ನಿಮ್ಮ ಹುಡುಗ ಚೆಂಡನ್ನು ಬೇಗ ಗುರುತಿಸುತ್ತಾನೆ" ಎಂದರು. ಆ ಮಾತನ್ನು ಅವರು ಎಲ್ಲರಿಗೂ ಹೇಳಿದ್ದರೆಂಬುದು ದಸರೆಯ ಹೊತ್ತಿಗೆ ತಿಳಿಯಿತು.

ಜೂನ್‌ನಲ್ಲಿ ಪ್ರವೇಶ ಶುಲ್ಕ 10,000, ಮೂರು ತಿಂಗಳಿಗೊಮ್ಮೆ 12,000. ಇದಕ್ಕೆ ರಸೀದಿ ಕೊಟ್ಟರು. ದುಬಾರಿ ಎನಿಸಿದರೂ ಗೊತ್ತಿದ್ದೇ ಕಟ್ಟಿದೆ, ಆ ಬಗ್ಗೆ ನನ್ನ ತಕರಾರಿಲ್ಲ. ನಾನು ಕೇಳದೆ ಬಿಟ್ಟದ್ದು ಅದೇ ಹಾಳೆಯ ಕೊನೆಯ ಸಾಲಿನ ಬಗ್ಗೆ: "ಸಮವಸ್ತ್ರ ಮತ್ತು ಸಲಕರಣೆ ಪ್ರತ್ಯೇಕ." ಮೂಗಿಗಿಂತ ಮೂಗುತಿ ಭಾರವಾಗುವುದು ಆ ಒಂದು ಸಾಲಿನಲ್ಲಿ.

ಸಮವಸ್ತ್ರವೆಂದರೆ ಎರಡು ಜೊತೆ ಬಿಳಿ ಉಡುಪು, ಎರಡು ಜೊತೆ ಬಣ್ಣದ್ದು, ಒಂದು ಟ್ರ್ಯಾಕ್‌ಸೂಟ್, ಎರಡು ಬಗೆಯ ಟೋಪಿ. ಒಟ್ಟು 9,800. ಹೊರಗೆ ಕೊಳ್ಳುವಂತಿಲ್ಲ, ಲಾಂಛನ ಅವರ ಬಳಿ ಮಾತ್ರ ಇದೆ. ಅಂಗಿಯೊಂದರ ಬೆಲೆ 1,400. ಎಷ್ಟೋ ತಿಂಗಳ ಮೇಲೆ ಕಚೇರಿಯ ಕೆಲಸಕ್ಕೆಂದು ಚಿಕ್ಕಪೇಟೆಗೆ ಹೋದಾಗ, ಇಂಥ ಪಾಲಿಯೆಸ್ಟರ್ ಅಂಗಿಗಳಿಗೆ ಚಿತ್ರ ಒತ್ತುವ ಮಳಿಗೆಯೊಂದಕ್ಕೆ ನುಗ್ಗಿ ಮಗನ ಅಂಗಿಯ ಫೋಟೊ ತೋರಿಸಿದೆ. ಹದಿನೈದು ಅಂಗಿ ಮಾಡಿಸಿದರೆ, ಬೆನ್ನ ಮೇಲೆ ಹೆಸರು ಮತ್ತು ಸಂಖ್ಯೆ ಸೇರಿ, ಒಂದಕ್ಕೆ 350 ಎಂದರು. ಮೂವತ್ತಕ್ಕಿಂತ ಹೆಚ್ಚಾದರೆ ಇನ್ನೂ ಇಳಿಸುತ್ತೇವೆ ಎಂದೂ ಸೇರಿಸಿದರು. ಮಳಿಗೆಯ ಹುಡುಗ ಫೋಟೊವನ್ನು ದೊಡ್ಡದು ಮಾಡಿ ನೋಡಿ, ಹೊಲಿಗೆ ಸಾಧಾರಣ ಎಂದು ಪುಕ್ಕಟೆ ಅಭಿಪ್ರಾಯವನ್ನೂ ಕೊಟ್ಟ.

ಸಲಕರಣೆಯ ಕತೆ ಬೇರೆ. ಬ್ಯಾಟು, ಪ್ಯಾಡು, ಗ್ಲೌಸು, ಹೆಲ್ಮೆಟ್, ಗಾರ್ಡುಗಳು, ಚೀಲ ಎಲ್ಲ ಸೇರಿ 14,500. ಹೆಲ್ಮೆಟ್ ಮತ್ತು ಗಾರ್ಡಿನ ವಿಷಯದಲ್ಲಿ ಜಿಪುಣತನ ಬೇಡ, ಲೆದರ್ ಚೆಂಡು ಮಕ್ಕಳೆಂದು ಕರುಣೆ ತೋರಿಸುವುದಿಲ್ಲ. ಆದರೆ ಬ್ಯಾಟು? ಮಗನ ಎತ್ತರಕ್ಕೆ ಐದನೇ ಅಳತೆಯದು ಸರಿ. ಕೊಟ್ಟದ್ದು ಅದಕ್ಕಿಂತ ಎರಡು ಮೆಟ್ಟಿಲು ಮೇಲಿನ ಹ್ಯಾರೋ ಅಳತೆ, ಅದೂ ಇಂಗ್ಲಿಷ್ ವಿಲೋ ಎಂಬ ದುಬಾರಿ ಮರದ್ದು. "ಬೆಳೆಯುವ ಹುಡುಗ, ಎರಡು ವರ್ಷ ಬರುತ್ತದೆ" ಎಂದರು. ನಾವು ಶಾಲೆಯ ಚಡ್ಡಿಯನ್ನು ಒಂದು ಅಳತೆ ದೊಡ್ಡದು ಹೊಲಿಸುವವರಲ್ಲವೇ, ಸರಿ ಎನಿಸಿತು. ಭಾರದ ಬ್ಯಾಟು ಎತ್ತಲಾರದೆ ಹುಡುಗ ಕೆಳಗೈಯಿಂದ ಚೆಂಡನ್ನು ಎತ್ತಿ ಹೊಡೆಯುವುದನ್ನು ಕಲಿತ. ಆ ದೋಷ ತಿದ್ದಲು "ವೈಯಕ್ತಿಕ ತರಬೇತಿ" ಬೇಕೆಂದು ಮತ್ತೆ ಹಣ ಕೇಳಿದರು. ಅದೊಂದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಹೊಸ ಬ್ಯಾಟಿಗೆ ಎಣ್ಣೆ ಸವರಿ, ಮರದ ಸುತ್ತಿಗೆಯಿಂದ ದಿನಗಟ್ಟಲೆ ಬಡಿದು ಹದ ಮಾಡಬೇಕೆಂದು ಯಾರೂ ಹೇಳಲಿಲ್ಲ. ಮೂರನೆಯ ತಿಂಗಳಿಗೆ ಬುಡ ಸೀಳಿತು. ಈ ವಯಸ್ಸಿಗೆ ಕಾಶ್ಮೀರ ವಿಲೋ ಬ್ಯಾಟು ಸಾಕು, ಬೆಲೆಯೂ ಬಹಳ ಕಡಿಮೆ.

ನನ್ನಣ್ಣ ತಿಪಟೂರಿನಲ್ಲಿ ಆಡುತ್ತಿದ್ದ ಕಾಲದಲ್ಲಿ ಇಡೀ ತಂಡಕ್ಕೆ ಒಂದೇ ಗೋಣಿಚೀಲ. ಎರಡು ಜೊತೆ ಪ್ಯಾಡಿನಲ್ಲಿ ಒಂದರ ಪಟ್ಟಿ ಹರಿದಿತ್ತು, ಆಟ ಮುಗಿಸಿ ಹೊರಬಂದವನು ಮುಂದಿನವನಿಗೆ ಬೌಂಡರಿ ಗೆರೆಯ ಬಳಿಯೇ ಬಿಚ್ಚಿ ಕೊಡುತ್ತಿದ್ದ. ಆ ಬಡತನ ಮರಳಿ ಬರಲಿ ಎನ್ನುತ್ತಿಲ್ಲ. ಹಂಚಿಕೊಳ್ಳುವ ಕ್ಲಬ್ ಚೀಲ ಇಂದಿಗೂ ಒಳ್ಳೆಯ ಕ್ಲಬ್ಬುಗಳಲ್ಲಿ ಇದೆ. ಅದು ಇದೆಯೇ ಎಂದು ಕೇಳಿದರೆ ಅರ್ಧ ಉತ್ತರ ಸಿಕ್ಕಂತೆ.

ಭಾನುವಾರದ ಪಂದ್ಯಗಳಿಗೆ ತಲಾ 400. ಹನ್ನೊಂದು ಪಂದ್ಯ, 4,400. ಒಂದು ದಿನ ಬೇವಿನ ಮರದ ಕೆಳಗೆ ಕುಳಿತು ಲೆಕ್ಕ ಹಾಕಿದೆ. ಎರಡೂ ತಂಡ ಇದೇ ಅಕಾಡೆಮಿಯದು, ಒಟ್ಟು 26 ಮಕ್ಕಳು, 10,400 ರೂಪಾಯಿ. ಮೈದಾನ ಅವರದೇ. ಅಂಪೈರ್ ಆಗಿ ನಿಂತವರು ಅವರದೇ ಕಿರಿಯ ತರಬೇತುದಾರರು. ಉಳಿದದ್ದು ಎರಡು ಚೆಂಡು ಮತ್ತು ಒಂದು ಕ್ಯಾನ್ ನೀರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರ್‌ನಲ್ಲಿ ಅಕಾಡೆಮಿಗೆ ಹೊಸ ಪ್ರಾಯೋಜಕರು ಬಂದರು. ಪ್ರಾಯೋಜಕರೆಂದರೆ ಹಣ ಕೊಡುವವರು ಎಂದು ನಾನು ತಿಳಿದಿದ್ದೆ. ಅವರ ಹೆಸರು ಅಂಗಿಯ ಎದೆಯ ಮೇಲೆ ಬಂತು, ಹಣ ಮಾತ್ರ ನಮ್ಮಿಂದಲೇ ಹೋಯಿತು: ಹೊಸ ಉಡುಪಿಗೆ 4,200. ಹಳೆಯದಕ್ಕೆ ಮೂರು ತಿಂಗಳೂ ತುಂಬಿರಲಿಲ್ಲ. ಈ ಸಲ ಕೊಳ್ಳುವುದಿಲ್ಲ ಎಂದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಾ ಸಂಜೆ ಹಣ ಕಟ್ಟಿದವರ ಪಟ್ಟಿ, ಹೆಸರಿನ ಮುಂದೆ ಹಸಿರು ಗುರುತು. ನನ್ನ ಮಗನ ಹೆಸರು ಕೆಳಗೆ, ಕೆಳಗೆ, ಕೊನೆಗೆ ಒಬ್ಬಂಟಿಯಾಗಿ ಉಳಿಯಿತು.

ಆ ಭಾನುವಾರ ಹಳೆಯ ಅಂಗಿಯಲ್ಲೇ ಹೋದ. ನಾನು ಹನ್ನೊಂದು ಗಂಟೆಗೆ ಹೋಗಿ ನೋಡಿದರೆ ನೀರಿನ ಬಾಟಲಿಗಳ ಬುಟ್ಟಿ ಹಿಡಿದು ಗೆರೆಯಾಚೆ ನಿಂತಿದ್ದಾನೆ. ಪಂದ್ಯದ 400 ಕಟ್ಟಿಸಿಕೊಂಡಿದ್ದರು, ಆದರೆ ಫೋಟೊದಲ್ಲಿ ಬಣ್ಣ ಬೇರೆಯಾಗಿ ಕಾಣುತ್ತದೆಂದು ಆಡಿಸಲಿಲ್ಲ. ಇಡೀ ದಿನ ನೀರು ಕೊಟ್ಟ. ದಾರಿಯಲ್ಲಿ ಸ್ಕೂಟರಿನ ಹಿಂದೆ ಕುಳಿತು, "ಅಮ್ಮ, ನಾಲ್ಕು ಸಾವಿರ ಎಂದರೆ ನಮಗೆ ಕಷ್ಟವಾ?" ಎಂದು ಕೇಳಿದ. ಅವನ ದನಿಯಲ್ಲಿ ದೂರಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. ಮನೆ ಮುಟ್ಟುವ ಮೊದಲೇ, ಪೆಟ್ರೋಲ್ ಬಂಕಿನ ಬಳಿ ಸ್ಕೂಟರ್ ನಿಲ್ಲಿಸಿ ಹಣ ಕಳುಹಿಸಿದೆ.

ಈ ವ್ಯವಹಾರ ನಿಂತಿರುವುದೇ ಇದರ ಮೇಲೆ. ದೊಡ್ಡವರಿಗೆ ಬೇಡ ಎನ್ನಲು ಬರುತ್ತದೆ. ಆದರೆ ಬೇಡ ಎಂದದ್ದರ ಬೆಲೆಯನ್ನು ಮಗುವಿನಿಂದ, ಅದೂ ಗೆಳೆಯರೆದುರು, ವಸೂಲಿ ಮಾಡಿದರೆ ಯಾವ ತಾಯಿ ತಡೆದಾಳು? ಗುಂಪಿನಲ್ಲಿದ್ದ ಇತರ ಪೋಷಕರೂ ಒಳಗೊಳಗೇ ಗೊಣಗುತ್ತಿದ್ದರು. ನಾನೊಬ್ಬಳು ಬಾಯಿಬಿಟ್ಟರೆ ಕೈಲಾಗದವಳು ಎಂದುಕೊಳ್ಳುತ್ತಾರೆ ಎಂದು ಸುಮ್ಮನಿದ್ದೆ. ಅವರೂ ಹಾಗೆಯೇ ಸುಮ್ಮನಿದ್ದರಂತೆ.

ಹೊಸ ಅಂಗಿ ಬಂದ ವಾರಕ್ಕೇ ಮಗ "ಆಯ್ಕೆ"ಯಾದ. ದಸರಾ ರಜೆಯಲ್ಲಿ ಗೋವಾದಲ್ಲಿ ರಾಷ್ಟ್ರಮಟ್ಟದ ಪಂದ್ಯಾವಳಿ, ತಲಾ 24,000. ಎರಡು ತಂಡ, 36 ಮಕ್ಕಳು. ಹಣ ಕಟ್ಟಲು ಒಪ್ಪಿಯೂ ಆಯ್ಕೆಯಾಗದ ಮಗು ಒಂದೂ ಇರಲಿಲ್ಲ. ಯಶವಂತಪುರದಿಂದ ವಾಸ್ಕೋ ರೈಲಿನ ಸ್ಲೀಪರ್ ಬೋಗಿಯಲ್ಲಿ ಹೋದರು, ಒಂದು ಕೋಣೆಯಲ್ಲಿ ಎಂಟು ಜನ ಮಲಗಿದರು. ನಾಲ್ಕು ಪಂದ್ಯಗಳಲ್ಲಿ ನನ್ನ ಮಗ ಎರಡರಲ್ಲಿ ಆಡಿದ. ಒಂಬತ್ತನೆಯವನಾಗಿ ಬ್ಯಾಟಿಂಗ್, ಒಂದು ಓವರ್ ಬೌಲಿಂಗ್. ಸಮುದ್ರ ನೋಡಿದ್ದು ಖುಷಿಯಾಯಿತು ಎಂದ. 24,000ಕ್ಕೆ ಮನೆಯವರೆಲ್ಲ ಸಮುದ್ರ ನೋಡಿ ಬರಬಹುದಿತ್ತು.

ಬರುವಾಗ ಚಿನ್ನದ ಅಂಚಿನ ಪ್ರಮಾಣಪತ್ರ ತಂದಿದ್ದ. ಶಾಲೆಯ ದೈಹಿಕ ಶಿಕ್ಷಕರಿಗೆ ತೋರಿಸಿದೆ. ಅವರು ಎರಡೂ ಬದಿ ತಿರುಗಿಸಿ ನೋಡಿ, "ಗೋಡೆಗೆ ಹಾಕಿಕೊಳ್ಳಬಹುದು ಮೇಡಂ" ಎಂದರು. ಆಮೇಲೆ ಅರ್ಧ ಗಂಟೆ ಕೂರಿಸಿಕೊಂಡು ಹೇಳಿದ್ದನ್ನು ನಾನು ಜೂನ್‌ನಲ್ಲೇ ಕೇಳಬೇಕಿತ್ತು. ದೇಶದಲ್ಲಿ ಕ್ರಿಕೆಟ್‌ನ ಏಣಿ ಬಿಸಿಸಿಐಯದು, ನಮ್ಮ ರಾಜ್ಯದಲ್ಲಿ ಅದರ ಮೆಟ್ಟಿಲು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ, ಅಂದರೆ ಕೆಎಸ್‌ಸಿಎ. ಅಂತರ ಶಾಲಾ ಪಂದ್ಯಾವಳಿಗೆ ತಂಡ ಕಳುಹಿಸುವುದು ಶಾಲೆ, ಡಿವಿಷನ್ ಲೀಗ್‌ಗಳಲ್ಲಿ ಆಡುವುದು ನೋಂದಾಯಿತ ಕ್ಲಬ್ಬುಗಳು. ಬೆಂಗಳೂರಿನ ಹೊರಗೆ ಮೈಸೂರು, ತುಮಕೂರು, ಶಿವಮೊಗ್ಗ, ಧಾರವಾಡ, ರಾಯಚೂರು, ಮಂಗಳೂರು ವಲಯಗಳಿವೆ. ಅಲ್ಲಿನ ಆಟ ನೋಡಿಯೇ ವಯೋಮಿತಿಯ ತಂಡಗಳನ್ನು ಆರಿಸುತ್ತಾರೆ. 16 ವರ್ಷದೊಳಗಿನವರ ರಾಜ್ಯ ತಂಡ ಆಡುವುದು ವಿಜಯ್ ಮರ್ಚೆಂಟ್ ಟ್ರೋಫಿ, 19ರೊಳಗಿನವರದು ಕೂಚ್ ಬೆಹಾರ್ ಟ್ರೋಫಿ. ಹೆಸರಿನಲ್ಲಿ "ಇಂಡಿಯಾ", "ನ್ಯಾಷನಲ್", "ಫೆಡರೇಷನ್" ಎಂದಿರುವ ಖಾಸಗಿ ಪಂದ್ಯಾವಳಿಗಳು ಈ ಏಣಿಯ ಯಾವ ಮೆಟ್ಟಿಲೂ ಅಲ್ಲ. "ರಾಜ್ಯ ತಂಡಕ್ಕೆ ನಿಜವಾಗಿ ಆಯ್ಕೆಯಾದ ಹುಡುಗನ ತಾಯಿಯ ಹತ್ತಿರ ಯಾರೂ ಜೆರ್ಸಿಗೆ ದುಡ್ಡು ಕೇಳುವುದಿಲ್ಲ" ಎಂದರು ಅವರು. ನನಗೆ ಮಾತೇ ಹೊರಡಲಿಲ್ಲ.

ಕ್ರಿಕೆಟ್ ಅಲ್ಲದ ಬೇರೆ ಆಟಗಳಲ್ಲಿ ಮಕ್ಕಳಿಗೆ ಮನಸ್ಸಿದ್ದರೆ ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಮೇಲೇರುತ್ತವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಶಾಲೆ ಮತ್ತು ಕ್ರೀಡಾ ನಿಲಯಗಳಲ್ಲಿ ಆಯ್ಕೆಯಾದ ಮಕ್ಕಳಿಗೆ ಊಟ, ವಸತಿ, ತರಬೇತಿ ಸರ್ಕಾರದ್ದೇ. ನಿಮ್ಮ ಜಿಲ್ಲಾ ಕ್ರೀಡಾಂಗಣದ ಕಚೇರಿಗೆ ಒಮ್ಮೆ ಹೋಗಿ ವಿಚಾರಿಸಿ. ಅಲ್ಲಿ ಹೊಳೆಯುವ ಫಲಕ ಇರುವುದಿಲ್ಲ, ಅಷ್ಟೆ.

ಡಿಸೆಂಬರ್‌ನ ಕಂತು ಕಟ್ಟಿಯಾದ ಮೇಲೆ, ಜನವರಿಯ ಮೊದಲ ವಾರ ಮಗನನ್ನು ಬಿಡಿಸಿದೆ. ಉಳಿದ ಎರಡು ತಿಂಗಳ ಹಣ ಕೇಳಿದರೆ ಅರ್ಜಿಯ ಹಿಂಬದಿಯ ಸಣ್ಣ ಅಕ್ಷರ ತೋರಿಸಿದರು: ಕಟ್ಟಿದ ಹಣ ಹಿಂದಿರುಗಿಸುವುದಿಲ್ಲ. ಅಲ್ಲಿ ನನ್ನ ಸಹಿಯೂ ಇತ್ತು. ಸಮವಸ್ತ್ರಕ್ಕೆ, ಪ್ರವಾಸಕ್ಕೆ ಬಿಲ್ ಕೇಳಿದರೆ, "ಇದೇನು ಅಂಗಡಿಯಾ ಮೇಡಂ?" ಎಂದರು.

ಅಂಗಡಿಯೇ. ಮಾರಿದ ವಸ್ತುವಿಗೆ, ಕೊಟ್ಟ ಸೇವೆಗೆ ಬಿಲ್ ಅಥವಾ ರಸೀದಿ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕರೆ ಮಾಡಿ ದೂರು ದಾಖಲಿಸಿದೆ, ಜೊತೆಗೆ ಅಕಾಡೆಮಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆದೆ. ಮೂರು ವಾರದಲ್ಲಿ 6,000 ರೂಪಾಯಿ ನನ್ನ ಖಾತೆಗೆ ಬಂತು. ಸಂದೇಶವಿಲ್ಲ, ವಿವರಣೆಯಿಲ್ಲ. ಅದಾದ ಮೇಲೆ ನನ್ನನ್ನು ವಾಟ್ಸ್‌ಆ್ಯಪ್ ಗುಂಪಿನಿಂದ ತೆಗೆದರು. ಹೊರಬೀಳುವ ಮೊದಲು ಅಲ್ಲಿನ ಪಟ್ಟಿಗಳನ್ನೆಲ್ಲ ಉಳಿಸಿಟ್ಟುಕೊಂಡಿದ್ದೆ. ನೀವೂ ಹಾಗೆ ಮಾಡಿ. ಯುಪಿಐ ಪಾವತಿಯ ವಿವರವೂ ಸಾಕ್ಷ್ಯವೇ, ಹಣ ಕಳುಹಿಸುವಾಗ ಟಿಪ್ಪಣಿಯಲ್ಲಿ "ಜೆರ್ಸಿ, ಸೆಪ್ಟೆಂಬರ್" ಎಂದು ಎರಡು ಪದ ಬರೆದಿಡಿ. ನಾನು ಅದನ್ನೂ ಬರೆದಿರಲಿಲ್ಲ.

ಸೇರಿಸುವ ಮುಂಚೆ ಇಡೀ ವರ್ಷದ ಖರ್ಚನ್ನು, ಬಟ್ಟೆ, ಪಂದ್ಯ, ಪ್ರವಾಸ ಎಲ್ಲ ಸೇರಿಸಿ, ಒಂದೇ ಹಾಳೆಯಲ್ಲಿ ಬರೆದುಕೊಡಲು ಕೇಳಿ. ವರ್ಷದ ನಡುವೆ ಉಡುಪು ಬದಲಾದರೆ ಖರ್ಚು ಯಾರದೆಂದು ಕೇಳಿ. ಸಾದಾ ಬಿಳಿ ಅಂಗಿ ಹೊರಗೆ ಕೊಂಡರೆ ನಡೆಯುತ್ತದೆಯೇ ಎಂದೂ ಕೇಳಿ. ಮುಖ ಗಂಟಿಕ್ಕಿದರೆ ಅಲ್ಲಿಂದಲೇ ವಾಪಸ್ ಬನ್ನಿ, ಮಗು ಇನ್ನೂ ಗೆಳೆಯರನ್ನು ಮಾಡಿಕೊಂಡಿರುವುದಿಲ್ಲ.

ಮಗ ಈಗ ಹಳೆಯ ಕ್ಲಬ್ ಆಟಗಾರರೊಬ್ಬರು ಶಾಲಾ ಮೈದಾನದಲ್ಲಿ ಕಲಿಸುವಲ್ಲಿಗೆ ಹೋಗುತ್ತಾನೆ. ತಿಂಗಳಿಗೆ 1,000, ಯಾವ ಬಣ್ಣದ ಅಂಗಿಯಾದರೂ ಸರಿ. ಅವರು ಮಾಡಿದ ಮೊದಲ ಕೆಲಸ ಅವನ ಕೈಯಿಂದ ಹ್ಯಾರೋ ಬ್ಯಾಟು ಕಿತ್ತುಕೊಂಡು ಕ್ಲಬ್ ಚೀಲದಿಂದ ಸಣ್ಣದೊಂದು ಕೊಟ್ಟದ್ದು.

ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿ ಇದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೆಂದೂ ಇಲ್ಲ. ಗೋವಾ ಪ್ರವಾಸದ ಬಗ್ಗೆ ದೂರು ಸಿದ್ಧವಾಗುತ್ತಿದೆ. 36 ಮಕ್ಕಳಲ್ಲಿ ಇದುವರೆಗೆ ನಾಲ್ವರ ಪೋಷಕರು ಸಹಿ ಹಾಕಿದ್ದಾರೆ. ಐದನೆಯವರು ನಿನ್ನೆ ಫೋನ್ ಮಾಡಿ, ಮಗನ ಆಯ್ಕೆ ಪಟ್ಟಿ ಬರುವುದಿದೆ, ಅದು ಮುಗಿದ ಮೇಲೆ ಹಾಕುತ್ತೇನೆ ಎಂದರು.