ಇ-ಬರ್ಡ್ ಆ್ಯಪ್: ಹಿನ್ನೀರಿನ ಅಪರೂಪದ ಹಕ್ಕಿಗೆ ಎಷ್ಟು ಆಸರೆ?

ತುಂಗಭದ್ರಾ ಹಿನ್ನೀರಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುವುದು ಹೊಸದಲ್ಲ. ಅದೇ ಹಿಂಡಿನಲ್ಲಿ ತಲೆಗೆ ಪಟ್ಟೆಯೇ ಇಲ್ಲದ, ಗುಲಾಬಿ ಕೊಕ್ಕಿನ ಗ್ರೇಲ್ಯಾಗ್ ಹೆಬ್ಬಾತು ಒಂದು ಕಂಡರೆ ಅದು ದಾಖಲಾಗಲೇಬೇಕು. ಆ ಕೆಲಸಕ್ಕೆ ಇ-ಬರ್ಡ್ ಆ್ಯಪ್‌ಗಿಂತ ಒಳ್ಳೆಯದು ಸದ್ಯಕ್ಕಿಲ್ಲ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ 2002ರಲ್ಲಿ ಶುರು ಮಾಡಿದ ವ್ಯವಸ್ಥೆ ಇದು. ಕಾಸು ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ.

ಮನೆ ಬಿಡುವ ಮುಂಚೆಯೇ ನಮ್ಮ ಭಾಗದ ಹಕ್ಕಿ ಪ್ಯಾಕ್, ಅಂದರೆ ಇಲ್ಲಿನ ಹಕ್ಕಿಗಳ ಹೆಸರಿನ ಕಡತ, ಇಳಿಸಿಕೊಳ್ಳಿ. ದಂಡೆಯಲ್ಲಿ ಸಿಗ್ನಲ್ ಸಿಗದಿದ್ದರೂ ಕಂಡ ಹಕ್ಕಿಗಳ ಪಟ್ಟಿ ಬರೆಯಬಹುದು, ಊರಿಗೆ ಬಂದ ಮೇಲೆ ಕಳಿಸಿದರಾಯಿತು. ನಡೆದ ದಾರಿಯನ್ನು ಜಿಪಿಎಸ್ ತಾನೇ ಗುರುತಿಸುತ್ತದೆ, ಆದರೆ ಬ್ಯಾಟರಿ ಬೇಗ ಇಳಿಯುವುದರಿಂದ ಪವರ್ ಬ್ಯಾಂಕ್ ಜೊತೆಗಿರಲಿ. ಬೆಳಗಿನಿಂದ ಸಂಜೆತನಕ ಒಂದೇ ಪಟ್ಟಿ ಹಾಕಬೇಡಿ. ಸ್ಥಳ ಬದಲಾದಾಗಲೆಲ್ಲ ಹೊಸ ಪಟ್ಟಿ ತೆರೆಯಿರಿ, ಒಂದೊಂದು ಒಂದು ತಾಸಿನೊಳಗೆ ಮುಗಿದರೆ ಬಲು ಚೆಂದ.

ಹೆಚ್ಚು ಜನ ಎಡವುವುದು ಜಾಗ ಗುರುತಿಸುವಾಗ. ಹಿನ್ನೀರು ಒಂದೇ ಜಿಲ್ಲೆಗೆ ಸೇರಿದ್ದಲ್ಲ. ನಕ್ಷೆಯಲ್ಲಿ ಜಾಗ ತೋರಿಸುವ ಪಿನ್ ನೀರಿನ ಆಚೆ ದಂಡೆಗೆ ಬಿದ್ದರೆ ಕೊಪ್ಪಳದ ಹಕ್ಕಿ ಬೇರೆ ಜಿಲ್ಲೆಯ ಲೆಕ್ಕಕ್ಕೆ ಹೋಗುತ್ತದೆ. ಯಾವ ಹಕ್ಕಿ ಅಪರೂಪ ಎಂದು ಆ್ಯಪ್ ಹೇಳುವುದು ಆಯಾ ಪ್ರದೇಶ ಮತ್ತು ತಿಂಗಳ ಮೇಲೆ, ಹಾಗಾಗಿ ಪಿನ್ ತಪ್ಪಿದರೆ ಆ ಎಚ್ಚರಿಕೆಯೂ ತಪ್ಪಬಹುದು. ನೀವು ನಿಂತ ಜಾಗಕ್ಕೇ ಪಿನ್ ಇಡಿ, ಹಕ್ಕಿ ಇದ್ದ ಜಾಗಕ್ಕಲ್ಲ.

ಅಪರೂಪದ ಹೆಸರು ಒತ್ತಿದ ಕೂಡಲೇ ಕೆಂಪು ಗುರುತು ಬಂದು ವಿವರ ಕೇಳುತ್ತದೆ. ಇದು ಈ ಆ್ಯಪ್‌ನ ಜೀವಾಳ. ದಾಖಲೆ ಸ್ಥಳೀಯ ಸ್ವಯಂಸೇವಕ ಪರಿಶೀಲಕರ ಕಣ್ಣಿಗೆ ಬೀಳುತ್ತದೆ, ಅವರು ಒಪ್ಪುವವರೆಗೆ ಸಾರ್ವಜನಿಕ ನಕ್ಷೆಗೆ ಏರುವುದಿಲ್ಲ. ವಿವರದಲ್ಲಿ ‘ಚೆನ್ನಾಗಿ ಕಂಡಿತು’ ಎಂದು ಬರೆದರೆ ಏನೂ ಬರೆದಂತಲ್ಲ. ಗ್ರೇಲ್ಯಾಗ್‌ಗಾದರೆ ಹೀಗೆ ಬರೆಯಿರಿ: ‘ಪಕ್ಕದ ಪಟ್ಟೆತಲೆಗಿಂತ ದಪ್ಪ, ಕಂದುಬೂದು ಮೈ, ಗುಲಾಬಿ ಕೊಕ್ಕು, ಗುಲಾಬಿ ಕಾಲು, ತಲೆಯಲ್ಲಿ ಪಟ್ಟೆ ಇಲ್ಲ, ಹಾರಿದಾಗ ರೆಕ್ಕೆಯ ಮುಂಭಾಗ ತಿಳಿಬೂದು.’ ಸಾಕುಬಾತು ಅಲ್ಲ ಎನ್ನಲು ಕಾರಣವನ್ನೂ ಸೇರಿಸಿ, ಊರ ಹತ್ತಿರದ ಕೆರೆಯಲ್ಲಿ ಈ ಸಂಶಯ ಸಹಜ. ಸಾಕುಬಾತಿನ ಹಿಂಬದಿ ಜೋತುಬಿದ್ದಿರುತ್ತದೆ.

ಸಿರುಗುಪ್ಪ, ಸಿಂಧನೂರು ಕಡೆಯ ಎರೆಹೊಲಗಳ ಮೇಲೆ ಹಾರುವ ಸೆಳೆವಗಳು, ಅಂದರೆ ಹ್ಯಾರಿಯರ್‌ಗಳು, ಇನ್ನೂ ಕಠಿಣ. ಅವುಗಳಲ್ಲಿ ಪ್ಯಾಲಿಡ್, ಮಾಂಟೆಗ್ಯು ಎಂಬ ಎರಡು ಜಾತಿಗಳನ್ನು ಬೇರೆ ಮಾಡಬೇಕು. ಗಂಡು ಪ್ಯಾಲಿಡ್‌ಗೆ ರೆಕ್ಕೆತುದಿಯಲ್ಲಿ ಕಿರಿದಾದ ಕಪ್ಪು ಬೆಣೆಯಷ್ಟೇ. ಗಂಡು ಮಾಂಟೆಗ್ಯುಗೆ ರೆಕ್ಕೆಯ ಮೇಲ್ಭಾಗದಲ್ಲಿ ಅಡ್ಡ ಕಪ್ಪುಪಟ್ಟಿ, ಹೊಟ್ಟೆಯಲ್ಲಿ ಕೆಂಗಂದು ಗೀರು. ಹೆಣ್ಣುಗಳಲ್ಲಿ ಕತ್ತಿನ ತಿಳಿಪಟ್ಟಿ ಪ್ಯಾಲಿಡ್‌ನ ಗುರುತು. ಇದು ಕಾಣದಿದ್ದರೆ ‘ಪ್ಯಾಲಿಡ್/ಮಾಂಟೆಗ್ಯು’ ಎಂಬ ಜೋಡಿ ಆಯ್ಕೆಯನ್ನೇ ಒತ್ತಿ. ಆ ಆಯ್ಕೆ ಇಟ್ಟದ್ದಕ್ಕೆ ಆ್ಯಪ್ ಮಾಡಿದವರಿಗೆ ಧನ್ಯವಾದ ಹೇಳಬೇಕು, ಊಹೆಯಿಂದ ಹೆಸರು ಹಾಕುವ ಒತ್ತಡ ತಪ್ಪುತ್ತದೆ.

ಹಿಂಡು ದೊಡ್ಡದಿದ್ದಾಗ ಸಂಖ್ಯೆಯ ಬದಲು, ಹಕ್ಕಿ ಇತ್ತು ಆದರೆ ಎಣಿಸಿಲ್ಲ ಎಂಬರ್ಥದ ‘ಎಕ್ಸ್’ ಹಾಕಬಹುದು, ಆದರೆ ಹಾಕಬೇಡಿ. ಹತ್ತು ಹಕ್ಕಿ ಎಣಿಸಿ, ಆ ಹತ್ತರ ಜಾಗ ಇಡೀ ಹಿಂಡಿನಲ್ಲಿ ಎಷ್ಟು ಸಲ ಹಿಡಿಸುತ್ತದೆ ನೋಡಿ. ಅಂದಾಜೇ ಆದರೂ ‘ಎಕ್ಸ್’‌ಗಿಂತ ಎಷ್ಟೋ ಮೇಲು.

ಫೋಟೋ ಸೇರಿಸಲು ವೆಬ್‌ಸೈಟ್‌ಗೆ ಹೋಗಿ, ನಿಮ್ಮ ಪಟ್ಟಿಯಲ್ಲಿ ಆ ಹಕ್ಕಿಯ ಎದುರಿಗೇ ಏರಿಸಿ. ಮಸುಕಾದರೂ ಪರವಾಗಿಲ್ಲ, ಕೊಕ್ಕು ಮತ್ತು ಕಾಲು ಕಂಡರೆ ಸಾಕು. ಕೊಪ್ಪಳ ದಂಡೆಯಿಂದ ದಕ್ಷಿಣಕ್ಕೆ ನೋಡಿದರೆ ಚಳಿಗಾಲದ ಬೆಳಗಿನ ಬಿಸಿಲು ಎದುರಿಗೇ ಬಡಿದು ಹಕ್ಕಿ ಬರೀ ಕಪ್ಪು ನೆರಳಾಗುತ್ತದೆ. ಬಿಸಿಲು ಬೆನ್ನಿಗೆ ಬೀಳುವಂತೆ ಒಂದು ಬದಿಗೆ ಸರಿದು ನಿಲ್ಲಿ, ಬಣ್ಣ ಬರೆಯುವುದು ಆಮೇಲೆ.