ಮುಂಬೈ ಝೋನ್‌ಗಳ ಮೇಲೆ ರಾಯಚೂರಿನಿಂದ ಕಣ್ಣಿಡಲು ಅಪ್‌ಟೈಮ್ ಕುಮಾ ಸಾಕೇ?

ಗಂಗಾವತಿಯ ರೈಸ್ ಮಿಲ್ಲು, ರಾಯಚೂರಿನ ಹತ್ತಿ ವ್ಯಾಪಾರ, ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಸುವ ಸಣ್ಣ ಆಫೀಸುಗಳಿಗೆ ತಿಂಗಳ ಬಾಡಿಗೆಯ ಮಾನಿಟರಿಂಗ್ ಸೇವೆ ಭಾರವೇ. ಸರ್ವರ್, ವೆಬ್‌ಸೈಟ್ ನಡೆಯುತ್ತಿದೆಯೇ ಎಂದು ಆಗಾಗ ತಟ್ಟಿ ನೋಡುವ ಅಪ್‌ಟೈಮ್ ಕುಮಾ ಪುಕ್ಕಟೆ, ಓಪನ್ ಸೋರ್ಸ್. ಡಾಕರ್ (ಸಾಫ್ಟ್‌ವೇರನ್ನು ಕಂಟೇನರ್ ಎಂಬ ಪೊಟ್ಟಣದಲ್ಲಿ ಓಡಿಸುವ ಸಾಧನ) ಇದ್ದರೆ ಕೆಲವೇ ನಿಮಿಷದಲ್ಲಿ 3001ನೇ ಪೋರ್ಟಿನಲ್ಲಿ ಶುರುವಾಗುತ್ತದೆ, ಟೆಲಿಗ್ರಾಂಗೆ ಸಂದೇಶ ಕಳಿಸುತ್ತದೆ, ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಮುಗಿಯುವ ಮೊದಲೇ ಎಚ್ಚರಿಸುತ್ತದೆ.

ಆದರೆ ಝೋನ್ (ಕ್ಲೌಡ್ ಕಂಪನಿಯ ಒಂದು ರೀಜನ್ನಿನೊಳಗೆ ಪ್ರತ್ಯೇಕವಾಗಿರುವ ಡೇಟಾ ಸೆಂಟರ್ ಗುಂಪು) ಬಿದ್ದದ್ದು ಗೊತ್ತಾಗಬೇಕೆಂದರೆ ವೆಬ್‌ಸೈಟಿನ ವಿಳಾಸವೊಂದನ್ನೇ ಹಾಕಿ ಕೂತರೆ ಉಪಯೋಗವಿಲ್ಲ. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನ ಮುಂಬೈ ರೀಜನ್ನಿನಲ್ಲಿ 3 ಝೋನ್. ಒಂದು ಕೈಕೊಟ್ಟರೆ, ಬಂದವರನ್ನು ಸರ್ವರುಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಸದ್ದಿಲ್ಲದೆ ಉಳಿದೆರಡಕ್ಕೆ ದಾರಿ ತಿರುಗಿಸುತ್ತದೆ, ಕುಮಾ ಹಸಿರು ತೋರಿಸುತ್ತಲೇ ಇರುತ್ತದೆ. ಅದಕ್ಕೇ ಪ್ರತಿ ಝೋನಿನ ಸರ್ವರಿಗೂ ಬೇರೆ ಸ್ಥಿರ ಐಪಿ, ಬೇರೆ ಮಾನಿಟರ್ ಬೇಕು. 2024ರ ಫೆಬ್ರುವರಿಯಿಂದ ಪಬ್ಲಿಕ್ ಐಪಿವಿ4 ವಿಳಾಸ ಒಂದಕ್ಕೆ ಗಂಟೆಗೆ 0.005 ಡಾಲರ್, ಮೂರಕ್ಕೆ ತಿಂಗಳಿಗೆ ಸುಮಾರು 11 ಡಾಲರ್. ಪುಕ್ಕಟೆ ಎಂಬ ಮಾತು ಅಲ್ಲಿಗೆ ಮುಗಿಯಿತು. ಸೆಕ್ಯುರಿಟಿ ಗ್ರೂಪಿನಲ್ಲಿ (ಎಡಬ್ಲ್ಯುಎಸ್‌ನ ಫೈರ್‌ವಾಲ್) ಕುಮಾ ತಟ್ಟುವ ಸರ್ವರ್ ಪೋರ್ಟನ್ನು ಕುಮಾ ಇರುವ ಐಪಿಗೆ ಮಾತ್ರ ತೆರೆಯಿರಿ.

ಮಾನಿಟರಿಗೆ ಬರೀ ಝೋನ್ ಹೆಸರಿನ ಬಾಲ '1ಎ' ಎಂದು ಹೆಸರಿಡಬೇಡಿ. ನಿಮ್ಮ ಖಾತೆಯ 1ಎ, ಗಿರಾಕಿಯ ಖಾತೆಯ 1ಎ ಬೇರೆ ಬೇರೆ ಜಾಗ ಇರಬಹುದು. ಎಲ್ಲ ಖಾತೆಗೂ ಒಂದೇ ಆಗಿರುವುದು 'ಎಪಿಎಸ್1-ಎಝಡ್1' ಥರದ ಝೋನ್ ಐಡಿ.

ಬರೀ ಪಿಂಗ್ (ಸರ್ವರ್ ಉತ್ತರಿಸುತ್ತದೆಯೇ ಎಂಬ ಪರೀಕ್ಷೆ) ಸಾಲದು. ಡೇಟಾಬೇಸ್ ಮುಟ್ಟಿ ಬಂದ ಮೇಲಷ್ಟೇ ಒಂದು ಪದ ಮುದ್ರಿಸುವ ಹೆಲ್ತ್ ಪುಟ ಮಾಡಿ, ಆ ಪದ ಹುಡುಕುವ ಕೀವರ್ಡ್ ಮಾನಿಟರ್ ಹಾಕಿ. ಅಂತರ 60 ಸೆಕೆಂಡ್, ಮರುಪ್ರಯತ್ನ 3 ಇರಲಿ. ಮಲ್ಟಿ-ಎಝಡ್ ಆರ್‌ಡಿಎಸ್ (ಒಂದಕ್ಕಿಂತ ಹೆಚ್ಚು ಝೋನಿನಲ್ಲಿ ಪ್ರತಿಯಿರುವ ಎಡಬ್ಲ್ಯುಎಸ್ ಡೇಟಾಬೇಸ್) ಮತ್ತೊಂದು ಝೋನಿಗೆ ಬದಲಾಗಲು ಸಾಮಾನ್ಯವಾಗಿ 60ರಿಂದ 120 ಸೆಕೆಂಡ್ ಹಿಡಿಯುತ್ತದೆ. ಮರುಪ್ರಯತ್ನ 0 ಇಟ್ಟರೆ ತಾನಾಗಿ ಸರಿಹೋಗುವುದಕ್ಕೂ ನಡುರಾತ್ರಿ ಎಬ್ಬಿಸುತ್ತದೆ.

ಕುಮಾವನ್ನು ಎಲ್ಲಿಡಬೇಕು? ಮುಂಬೈಯಲ್ಲಂತೂ ಬೇಡ, ಅಲ್ಲಿ ತೊಂದರೆಯಾದರೆ ಕಾವಲಿನದೂ ಅದೇ ಗತಿ. 2017ರ ಫೆಬ್ರುವರಿಯಲ್ಲಿ ಎಡಬ್ಲ್ಯುಎಸ್‌ನ ಫೈಲ್ ಸಂಗ್ರಹ ಸೇವೆ ಎಸ್3 ನಿಂತಾಗ ಎಡಬ್ಲ್ಯುಎಸ್‌ನ ಸ್ಟೇಟಸ್ ಪುಟವೇ ಎಸ್3 ನಂಬಿಕೊಂಡಿದ್ದರಿಂದ ಕೆಲಹೊತ್ತು ಬದಲಾಗದೆ ಉಳಿಯಿತು. ಆಫೀಸಿನ ಪಿಸಿಯೂ ಅಷ್ಟಕ್ಕಷ್ಟೇ. ಪಿಸಿಗೆ ಯುಪಿಎಸ್ ಇದ್ದು ರೂಟರಿಗೆ ಇಲ್ಲದಿದ್ದರೆ ಕರೆಂಟ್ ಹೋದಾಕ್ಷಣ ಎಲ್ಲವೂ ಒಟ್ಟಿಗೆ ಕೆಂಪು. ನೆಟ್ ಇಲ್ಲದ್ದರಿಂದ 'ಡೌನ್' ಸಂದೇಶ ಹೊರಗೇ ಹೋಗದು. ನೆಟ್ ಬಂದ ಮೇಲೆ 'ಅಪ್' 'ಅಪ್' ಎಂದು ಸುರಿಮಳೆ, ಅಂಕಿಅಂಶದಲ್ಲಿ ಇಲ್ಲದ ಕಳಂಕ. ಗೂಗಲ್‌ನ 8.8.8.8ಕ್ಕೊಂದು ಪಿಂಗ್ ಮಾನಿಟರ್ ಇದ್ದರೆ ತಪ್ಪು ಯಾರದೆಂದಾದರೂ ತಿಳಿಯುತ್ತದೆ. ಬೇರೆ ಕಂಪನಿಯ ಅಗ್ಗದ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಉತ್ತಮ.

ಇನ್ನೊಂದು ಕೊರತೆ: ಡೇಟಾ ಸಾಮಾನ್ಯವಾಗಿ ಎಸ್‌ಕ್ಯೂಲೈಟ್ ಎಂಬ ಫೈಲ್ ರೂಪದ ಡೇಟಾಬೇಸಿನಲ್ಲಿರುವುದರಿಂದ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿದ ಡಿಸ್ಕ್) ಷೇರಿನ ಮೇಲಿಟ್ಟರೆ ಕೆಡಬಹುದು, ಲೋಕಲ್ ಡಿಸ್ಕೇ ಇರಲಿ. ಡಾಕರ್ ವಾಲ್ಯೂಮ್ (ಕಂಟೇನರಿನ ಹೊರಗೆ ಡೇಟಾ ಉಳಿಸುವ ಜಾಗ) ಹಾಕದೆ ಓಡಿಸಿದರೆ ಕಂಟೇನರ್ ಅಳಿಸಿದ ದಿನ ಎಲ್ಲವೂ ಹೋಯಿತು.

ಝೋನ್‌ಗೊಂದೇ ಸರ್ವರ್, ಹತ್ತಿಪ್ಪತ್ತು ಮಾನಿಟರ್ ಇರುವವರು ಧೈರ್ಯವಾಗಿ ಬಳಸಬಹುದು. ಆಟೋ ಸ್ಕೇಲಿಂಗ್‌ನಲ್ಲಿ ಸರ್ವರ್ ಹುಟ್ಟುತ್ತ ಸಾಯುತ್ತ ಇರುವ ಕಡೆ ಬೇಡ, ಪಟ್ಟಿ ತಿದ್ದುವುದರಲ್ಲೇ ದಿನ ಹೋಗುತ್ತದೆ. ಹಾಕಿದ ಮೇಲೆ ವ್ಯಾಪಾರವಿಲ್ಲದ ಹೊತ್ತಲ್ಲಿ ಒಂದು ಝೋನಿನ ಸರ್ವರ್ ಸ್ಟಾಪ್ ಮಾಡಿ ನೋಡಿ. ಐದು ನಿಮಿಷದಲ್ಲಿ ಫೋನಿಗೆ ಸಂದೇಶ ಬರದಿದ್ದರೆ ಮೊದಲು ಆ ಮಾನಿಟರಿನ ನೋಟಿಫಿಕೇಶನ್ ಬಟನ್ ಆನ್ ಇದೆಯೇ ನೋಡಿ, ಆಮೇಲೆ ಟೆಲಿಗ್ರಾಂ ಟೋಕನ್.